ಸ್ವರ ಸಮಾಧಾನ: ಆರ್ಗನ್, ಮೇಳ, ಮಿದುಳು

ಪ್ರಶ್ನೆ: ನಮ್ಮ ಚರ್ಚ್‌ನ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಚರ್ಚ್ ಸಂಗೀತ ಅಂತಲೇ ಒಂದು ಡಿಗ್ರಿ ಇದೆಯಂತೆ. ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತಿ ನುಡಿಸುವ ಸ್ವರಮೇಳ) ಬಂದರೆ ಎಲ್ಲ ಗೀತೆಗೂ ಸಾಕಾಗುತ್ತದಲ್ಲ, ಮತ್ತೆ ವರ್ಷಗಟ್ಟಲೆ ಕಲಿಸುವುದಾದರೂ ಏನನ್ನು?

ಒಂದು ಭಾನುವಾರ ದಾಟಿಸಲು ನಾಲ್ಕು ಕಾರ್ಡ್ ಧಾರಾಳವಾಗಿ ಸಾಕು, ತಮ್ಮಾ. ಉದ್ಯೋಗ ಅಂತ ಹಿಡಿದರೆ ವರ್ಷಕ್ಕೆ 52 ಭಾನುವಾರ, ಅದರ ಮೇಲೆ ಕ್ರಿಸ್‌ಮಸ್, ಪವಿತ್ರ ವಾರ, ಮದುವೆ, ಅಂತ್ಯಸಂಸ್ಕಾರ. ಕೊನೆಯದಕ್ಕೆ ಯಾರೂ ತಿಂಗಳ ಮುಂಚೆ ಹೇಳಿ ಕಳಿಸುವುದಿಲ್ಲ. 1723ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚ್‌ಗೆ ಸೇರಿದ ಸಂಗೀತ ರಚನಕಾರ ಬಾಖ್, ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ವಾರಕ್ಕೊಂದು ಕ್ಯಾಂಟಾಟಾ (ವಾದ್ಯಗಳೊಂದಿಗೆ ಹಾಡುವ, ಹಲವು ಭಾಗಗಳ ಕೃತಿ) ಬರೆದು, ಹುಡುಗರಿಗೆ ಕಲಿಸಿ, ಭಾನುವಾರ ಹಾಡಿಸಿದ. ಹಾಡುವವರ, ನುಡಿಸುವವರ ಪ್ರತಿಗಳನ್ನು ಕೈಯಲ್ಲಿ ಬರೆದುಕೊಡಲು ಹೆಂಡತಿಯೂ ಶಿಷ್ಯರೂ ಕೂತಿದ್ದರು. ಚರ್ಚ್ ಸಂಗೀತಗಾರನ ಬದುಕು ಈಗಲೂ ಹೀಗೇ: ಅರ್ಧ ಸಂಗೀತ, ಅರ್ಧ ಗಡಿಬಿಡಿ. ಕೋರ್ಸ್ ಈ ಎರಡನ್ನೂ ಕಲಿಸಬೇಕು.

ಆರ್ಗನ್ ವಿಷಯಕ್ಕೆ ಬರೋಣ. ಕೀಬೋರ್ಡ್ ಕೈ ಅಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮಂದ್ರದ ಸಾಲನ್ನು ಕಾಲಲ್ಲಿ ನುಡಿಸಬೇಕು. ಕೊಳವೆಗಳ ಸಾಲನ್ನು ತೆರೆಯಲು ಎಳೆಯುವ ಹಿಡಿಗಳಿಗೆ ಸ್ಟಾಪ್ ಎನ್ನುತ್ತಾರೆ; ಅವುಗಳ ಮೇಲೆ ಕೊಳವೆಯ ಅಳತೆ 8, 16, 4 ಅಡಿ ಎಂದು ಬರೆದಿರುತ್ತದೆ. 8 ಅಡಿಯದು ಬರೆದ ಸ್ವರವನ್ನೇ ಕೊಟ್ಟರೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ, 4 ಅಡಿಯದು ಒಂದು ಸ್ಥಾಯಿ ಮೇಲೆ. ಯಾವ ಚರಣಕ್ಕೆ ಯಾವುದನ್ನು ಎಳೆಯಬೇಕು ಎಂಬುದೇ ದೊಡ್ಡ ಪಾಠ.

ಅದಕ್ಕಿಂತ ಕಷ್ಟದ್ದು ಸಭೆಯನ್ನು ಹಾಡಿಸುವುದು. ಶಬ್ದ ಹತ್ತನೇ ಒಂದು ಸೆಕೆಂಡಿನಲ್ಲಿ ಸುಮಾರು 34 ಮೀಟರ್ ಮಾತ್ರ ಸಾಗುತ್ತದೆ. ಉದ್ದನೆಯ ಚರ್ಚ್‌ನಲ್ಲಿ ಆ ತುದಿಯವರಿಗೆ ನಿಮ್ಮ ಸ್ವರ ತಡವಾಗಿ ಮುಟ್ಟುತ್ತದೆ, ಅವರ ಹಾಡು ನಿಮಗೆ ಇನ್ನಷ್ಟು ತಡವಾಗಿ ಬರುತ್ತದೆ. ಅವರು ಬರಲಿ ಎಂದು ನೀವು ಕಾದಿರೋ, ನೀವು ನಿಧಾನವಾದಿರೆಂದು ಅವರೂ ನಿಧಾನವಾಗುತ್ತಾರೆ, ನಾಲ್ಕನೇ ಚರಣದ ಹೊತ್ತಿಗೆ ಗೀತೆ ತೆವಳುತ್ತಿರುತ್ತದೆ. ಕಿವಿಗೆ ಬಿದ್ದದ್ದನ್ನು ನಂಬದೆ ಕೈಯ ತಾಳವನ್ನು ನಂಬುವುದನ್ನು ಗುರು ಪಕ್ಕದಲ್ಲಿ ನಿಂತೇ ಕಲಿಸಬೇಕು. ಚರಣಗಳ ನಡುವೆ ಜನಕ್ಕೆ ಉಸಿರೆಳೆಯಲು ಎಷ್ಟು ಜಾಗ ಬಿಡಬೇಕು ಎಂಬುದನ್ನೂ ಅಷ್ಟೇ.

ಉಳಿದಂತೆ ಕ್ವಾಯರ್ (ಗಾಯಕವೃಂದ) ನಿರ್ದೇಶನ, ಆರಾಧನಾ ವರ್ಷದ ಕ್ರಮ, ಗ್ರೆಗೋರಿಯನ್ ಗಾಯನ ಎಂಬ ಹಳೆಯ ಚರ್ಚ್ ಗಾಯನದ ನಾಲ್ಕು ಗೆರೆಯ ಲಿಪಿ, ಸ್ತೋತ್ರಗೀತೆಗಳ ಚರಿತ್ರೆ ಇರುತ್ತವೆ. ಸೇರುವ ಮುಂಚೆ ಎರಡು ಮಾತು ಕೇಳಿ: ಅಭ್ಯಾಸಕ್ಕೆ ಆರ್ಗನ್ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಓದುವಾಗಲೇ ಒಂದು ಚರ್ಚ್‌ನಲ್ಲಿ ಕೆಲಸ ಮಾಡಿಸುತ್ತಾರೆಯೇ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಾಲೇಜು ನೋಡಿ.

ಪ್ರಶ್ನೆ: ಸಂಗೀತ ವಿಭಾಗದಲ್ಲಿ ಓದುತ್ತಿದ್ದೇನೆ. ಮೇಳ ಪ್ರದರ್ಶನ, ಅಂದರೆ ಗುಂಪಾಗಿ ಹಾಡುವ, ನುಡಿಸುವ ಕೋರ್ಸ್‌ಗೆ ವಾರಕ್ಕೆ ಐದು ಗಂಟೆ ರಿಹರ್ಸಲ್, ಕೊಡುವುದು ಒಂದೇ ಕ್ರೆಡಿಟ್. ಆ ಹೊತ್ತಿನಲ್ಲಿ ನನ್ನ ಪಿಯಾನೋ ಅಭ್ಯಾಸವನ್ನೇ ಮಾಡಿಕೊಂಡರೆ ಲಾಭವಲ್ಲವೇ?

ಒಂದೇ ಕ್ರೆಡಿಟ್ ಎಂಬುದು ಅನ್ಯಾಯವೇ. ಕ್ವಾಯರ್ ನಡೆಸುವವಳಾಗಿ ಈ ದೂರನ್ನು ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿದ್ದೇನೆ, ಕ್ರೆಡಿಟ್ ಒಂದಿಷ್ಟೂ ಏರಿಲ್ಲ. ಆದರೂ ಬಿಡಬೇಡಮ್ಮ, ಅದೂ ಪಿಯಾನೋದವಳು ಬಿಡಲೇಬಾರದು. ಪಿಯಾನೋವನ್ನು ಸಮ ಅಂತರದಲ್ಲಿ ಶ್ರುತಿ ಮಾಡಿರುತ್ತಾರೆ. ಅದರ ಗಾಂಧಾರ, ಷಡ್ಜದೊಂದಿಗೆ ಶುದ್ಧವಾಗಿ ಬೆರೆಯುವ ಗಾಂಧಾರಕ್ಕಿಂತ ಅರ್ಧ ಸ್ವರದ ನೂರರಲ್ಲಿ ಸುಮಾರು 14 ಪಾಲು ಹೆಚ್ಚು. ವಾದ್ಯವಿಲ್ಲದೆ ಹಾಡುವ ಒಳ್ಳೆಯ ಕ್ವಾಯರ್, ಸ್ವರಮೇಳವನ್ನು ಹಿಡಿದು ನಿಂತಾಗ ಆ ಗಾಂಧಾರವನ್ನು ತುಸು ಇಳಿಸುತ್ತದೆ. ಆಗ ಆಗುವ ಬೆಸುಗೆಯನ್ನು ಅಭ್ಯಾಸದ ಕೋಣೆಯಲ್ಲಿ ಒಬ್ಬಳೇ ಕೂತು ಎಂದೂ ಕೇಳಲಾರೆ. ಪಿಟೀಲು ಚತುಷ್ಟಯಕ್ಕೆ (ಎರಡು ಪಿಟೀಲು, ವಯೋಲ, ಚೆಲ್ಲೋ ಸೇರಿದ ನಾಲ್ವರ ಗುಂಪು) ನಿರ್ದೇಶಕರೇ ಇರುವುದಿಲ್ಲ, ಮೊದಲ ಪಿಟೀಲಿನವರು ಉಸಿರೆಳೆದದ್ದೇ ಸನ್ನೆ. ಇಂಥ ಗುಂಪಿಗೆ ಪಿಯಾನೋ ಸೇರಿದಾಗ ಎಲ್ಲರ ಬೆನ್ನು ನೋಡುತ್ತ ನುಡಿಸುವ ಅಭ್ಯಾಸ ಬೇಕು. ಮುಂದೆ ನಿನಗೆ ಬರುವ ಕೆಲಸದಲ್ಲಿ ಬಹುಪಾಲು ಬೇರೆಯವರ ಜೊತೆಗೆ ನುಡಿಸುವುದೇ ಆಗಿರುತ್ತದೆ.

ಪ್ರಶ್ನೆ: ಮಗಳು ಚರ್ಚ್ ಕ್ವಾಯರ್‌ನಲ್ಲಿ ಚೆನ್ನಾಗಿ ಹಾಡುತ್ತಾಳೆ. ಕಾಲೇಜಿನಲ್ಲಿ ನರವಿಜ್ಞಾನ ಓದುತ್ತೇನೆ ಎನ್ನುತ್ತಾಳೆ. ಸಂಗೀತದಿಂದ ಬುದ್ಧಿ ಬೆಳೆಯುತ್ತದಂತಲ್ಲ, ಎರಡರಲ್ಲೂ ಡಿಗ್ರಿ ಮಾಡಿದರೆ ಒಂದಕ್ಕೊಂದು ನೆರವಾಗುವುದಿಲ್ಲವೇ?

ಆ 'ಬುದ್ಧಿ ಬೆಳೆಯುತ್ತದೆ' ಎಂಬುದನ್ನು ಮೊದಲು ಬದಿಗಿಡಿ, ತಾಯಿ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವ ಪರೀಕ್ಷೆ ಕೊಟ್ಟರು. ಅಂಕ ಸ್ವಲ್ಪ ಏರಿತು, ಹತ್ತು ಹದಿನೈದು ನಿಮಿಷದಲ್ಲಿ ಪರಿಣಾಮ ಇಳಿಯಿತು. ಅದರಲ್ಲಿ ಒಂದು ಕೂಸೂ ಇರಲಿಲ್ಲ. ಕೂಸುಗಳಿಗೆಂದು ಮಾರಾಟವಾದ ಮೊಜಾರ್ಟ್ ಸಿ.ಡಿ.ಗಳು ಮಾತ್ರ ಲೆಕ್ಕವಿಲ್ಲದಷ್ಟು.

ವಿಷಯದಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. 1995ರ ಒಂದು ಅಧ್ಯಯನದಲ್ಲಿ, ಏಳು ವರ್ಷಕ್ಕೆ ಮುಂಚೆ ವಾದ್ಯ ಹಿಡಿದವರಲ್ಲಿ ಮಿದುಳಿನ ಎರಡು ಅರೆಗಳನ್ನು ಬೆಸೆಯುವ ನರಗಳ ಕಟ್ಟಿನ ಮುಂಭಾಗ ದೊಡ್ಡದಾಗಿ ಕಂಡಿತು. ಅಭ್ಯಾಸದಿಂದ ಹಾಗಾಯಿತೋ, ಹಾಗಿದ್ದವರೇ ಅಭ್ಯಾಸದಲ್ಲಿ ಉಳಿದರೋ? ಈ ಪ್ರಶ್ನೆ ಕೇಳಲು ಕಲಿಯುವುದೇ ನರವಿಜ್ಞಾನದ ಓದು. ನನಗಂತೂ ಇದಕ್ಕಿಂತ ಹತ್ತಿರದ್ದು ಇನ್ನೊಂದು: ಎಡಗಡೆಯ ಮಿದುಳಿಗೆ ಪೆಟ್ಟಾಗಿ ಮಾತು ಹೊರಡದ ಕೆಲವರು, ಹಳೆಯ ಹಾಡನ್ನು ಪದಗಳ ಸಮೇತ ಹಾಡುತ್ತಾರೆ. ಅದನ್ನೇ ಆಧರಿಸಿ 1970ರ ದಶಕದಲ್ಲಿ ರಾಗವಾಗಿ ಮಾತು ಕಲಿಸುವ ಚಿಕಿತ್ಸೆಯೊಂದನ್ನು ರೂಪಿಸಿದರು.

ಆದರೆ ನಿಮ್ಮ ಮಗಳು ಮೊದಲ ವರ್ಷ ಇದನ್ನೆಲ್ಲ ನೋಡುವುದಿಲ್ಲ. ಅವಳಿಗೆ ಸಿಗುವುದು ರಸಾಯನಶಾಸ್ತ್ರ, ಜೀವಕೋಶ, ಸಂಖ್ಯಾಶಾಸ್ತ್ರ. ಆಮೇಲೆ 1952ರಲ್ಲಿ ಹಾಜ್‌ಕಿನ್, ಹಕ್ಸ್‌ಲಿ ಎಂಬ ಇಬ್ಬರು ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ನರತಂತುವಿನಿಂದ ಕಂಡುಕೊಂಡ, ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟಿ ಸಾಗುತ್ತದೆಂದು ಹೇಳುವ ಸಮೀಕರಣಗಳು. ಸಂಗೀತ ಮತ್ತು ಮಿದುಳು ಎಂಬ ಪಠ್ಯವಿಷಯ, ಇದ್ದರೆ, ಕೊನೆಯ ವರ್ಷಗಳಲ್ಲಿ ಐಚ್ಛಿಕವಾಗಿ ಬರುತ್ತದೆ. ಸ್ಕ್ವಿಡ್ಡಿನ ನರವೂ ಅವಳಿಗೆ ಕುತೂಹಲವೆನಿಸುತ್ತದೆಯೇ, ಕೇಳಿ ನೋಡಿ. ಹೌದೆಂದರೆ ಅದೇ ಅವಳ ಮುಖ್ಯ ವಿಷಯವಾಗಲಿ. ಮುಂದೆ ಸಂಶೋಧನೆಗೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿದುಳು, ಸಂಗೀತ, ಧ್ವನಿಗಳಿಗೆಂದೇ ಕಟ್ಟಿದ ಕೇಂದ್ರದಂಥ ಜಾಗಗಳಿವೆ.

ಎರಡು ಡಿಗ್ರಿ ಬೇಡ ಅನ್ನುತ್ತೇನೆ. ಸಂಗೀತ ಓದದವರನ್ನೂ ಆಡಿಷನ್ ಮಾಡಿ ಕ್ವಾಯರ್‌ಗೆ ತೆಗೆದುಕೊಳ್ಳುವ ಕಾಲೇಜುಗಳು ಬೇಕಾದಷ್ಟಿವೆ. ಮೇಲೆ ಬೈದ ಆ ಒಂದು ಕ್ರೆಡಿಟ್ ಇವಳಂಥವರಿಗೆ ವರವೇ. ತೊಡಕಿರುವುದು ವೇಳಾಪಟ್ಟಿಯಲ್ಲಿ. ಲ್ಯಾಬ್ ಮಧ್ಯಾಹ್ನ ಶುರುವಾಗಿ ಸಂಜೆಗೆ ಎಳೆಯುತ್ತದೆ, ರಿಹರ್ಸಲ್ ಸಂಜೆಗೇ ಇರುತ್ತದೆ. ಸೇರುವ ಮುಂಚೆ ಎರಡರ ಪಟ್ಟಿಯನ್ನೂ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ದಿನ ಬಿದ್ದರೆ ಲ್ಯಾಬ್‌ನ ಇನ್ನೊಂದು ಬ್ಯಾಚ್ ಸಿಗುತ್ತದೆಯೇ ವಿಚಾರಿಸಿ. ಕ್ವಾಯರ್‌ಗೆ ಎರಡನೇ ಬ್ಯಾಚ್ ಇರುವುದಿಲ್ಲ.