ಸೈಕಲ್ ಪ್ರಶ್ನೋತ್ತರ: ಘಾಟಿ ಹತ್ತುವವರಿಗೆ, ಮುಖ್ಯವಾಗಿ ಇಳಿಯುವವರಿಗೆ

ಮಳೆ ಹಿಂದೆ ಸರಿಯುತ್ತಿದ್ದಂತೆ ಬಂದ ಕಾಗದಗಳಲ್ಲಿ ಹೆಚ್ಚಿನವು ಆಗುಂಬೆ, ಶೃಂಗೇರಿ, ಕುದುರೆಮುಖದ ಕಡೆಯ ರಸ್ತೆಗಳ ಬಗ್ಗೆ. ಕೊಪ್ಪದಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಇವು ಮನೆ ಹಿತ್ತಲಿನ ದಾರಿಗಳಿದ್ದ ಹಾಗೆ. 41ನೇ ವಯಸ್ಸಿನಲ್ಲಿ ರೋಡ್ ಸೈಕಲ್ ಕೊಂಡೆ, ಈಗ 54. ಈ ಸಲದ ಪುಟ ಪೂರ್ತಿ ಘಾಟಿಗೇ ಇರಲಿ.

ನನಗೆ 46 ವರ್ಷ. ಊರ ಸುತ್ತಿನ ಬಯಲು ರಸ್ತೆಯಲ್ಲಿ ದಿನಾ 30 ಕಿಲೋಮೀಟರ್ ಸೈಕಲ್ ಹೊಡೆಯುತ್ತೇನೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತಿ, ಅದೇ ದಾರಿಯಲ್ಲಿ ಇಳಿದು ಬರುವ ಆಸೆ. ಹತ್ತಲು ಆಗುತ್ತದಾ ಎನ್ನುವುದೇ ಭಯ.
— ಓದುಗರು, ದಾವಣಗೆರೆ

ಹತ್ತುತ್ತೀರಿ ಸಾರ್. ದಿನಾ 30 ಕಿಲೋಮೀಟರ್ ತುಳಿಯುವ ಕಾಲಿಗೆ ಆಗುಂಬೆ ಕಷ್ಟ ಕೊಡುತ್ತದೆ, ಆದರೆ ಸೋಲಿಸುವುದಿಲ್ಲ. ಸೈಕಲಿನ ಗೇರ್ ಮಾತ್ರ ಒಮ್ಮೆ ನೋಡಿಕೊಳ್ಳಿ. ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34 ಹಲ್ಲು ಇದ್ದರೆ ಒಳ್ಳೆಯದು. ನಿಮಿಷಕ್ಕೆ 70 ಸುತ್ತು ಪೆಡಲ್ ತಿರುಗಿಸಿದರೂ ಗಂಟೆಗೆ 9 ಕಿಲೋಮೀಟರಿನ ಹತ್ತಿರ ಹೋಗುತ್ತೀರಿ. ಅಷ್ಟು ಸಾಕು. ಒಟ್ಟು 14 ಹೇರ್‌ಪಿನ್ ತಿರುವು. ಎಡಕ್ಕೆ ತಿರುಗುವಾಗ ಒಳಅಂಚು ತುಂಬಾ ಕಡಿದು. ಅಲ್ಲಿ ಸೀಟಿನಿಂದ ಎದ್ದು ನಾಲ್ಕು ಸಲ ತುಳಿಯಿರಿ, ಮತ್ತೆ ಕೂತುಕೊಳ್ಳಿ. ಸುಲಭ ಎಂದು ಬಲಗಡೆಗೆ ಸರಿಯಬೇಡಿ. ಬಸ್ಸಿಗೆ ಆ ತಿರುವಿನಲ್ಲಿ ಇಡೀ ರಸ್ತೆ ಬೇಕು.

ನಿಮಗೆ ಭಯ ಹತ್ತುವುದರ ಬಗ್ಗೆ. ನನಗೆ ಭಯ ನಿಮ್ಮ ಕಾಗದದಲ್ಲಿ ಒಂದೇ ಮಾತಿನಲ್ಲಿ ಮುಗಿದುಹೋದ 'ಇಳಿದು ಬರುವ' ಬಗ್ಗೆ. ಬಯಲಲ್ಲಿ ತುಳಿದು ಅಭ್ಯಾಸ ಆದವರಿಗೆ ಕಾಲು ಗಟ್ಟಿ ಇರುತ್ತದೆ, ಬ್ರೇಕ್ ಹಿಡಿಯುವ ಕೈಗೆ ಅಭ್ಯಾಸವೇ ಇರುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ನೀವೂ ಸೈಕಲ್ಲೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಬ್ರೇಕ್ ಹಿಡಿದುಕೊಂಡೇ ಮೆಲ್ಲಗೆ 500 ಮೀಟರ್ ಎತ್ತರ ಇಳಿದರೆ ಒಂದು ಲೀಟರ್ ನೀರು ಕುದಿ ಬರುವಷ್ಟು ಶಾಖ ಹುಟ್ಟುತ್ತದೆ. ಅದೆಲ್ಲ ಹೋಗುವುದು ಬ್ರೇಕಿಗೆ, ರಿಮ್ಮಿಗೆ. ರಿಮ್ ಬ್ರೇಕಿನ ಸೈಕಲಾದರೆ ಒಳಗಿನ ಟ್ಯೂಬ್ ಬಿಸಿಯಾಗಿ ಒಡೆಯಬಹುದು. ಕಾರ್ಬನ್ ರಿಮ್ ಆದರೆ ಇನ್ನೂ ಹುಷಾರು, ಅದು ಬಿಸಿಗೆ ಮೆತ್ತಗಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದವರೂ ಸುಮ್ನೆ ಒತ್ತಿಕೊಂಡೇ ಬಂದರೆ ಕೊನೆಗೆ ಹಿಡಿತ ಸಡಿಲವಾಗುತ್ತದೆ.

ಹಾಗಾಗಿ ಬ್ರೇಕ್ ಒತ್ತಿ, ಬಿಡಿ, ಮತ್ತೆ ಒತ್ತಿ. ವೇಗ ತಗ್ಗಿಸುವುದೆಲ್ಲ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗೆ ಇರುವಾಗಲೇ ಮುಗಿಯಬೇಕು. ತಿರುವಿನೊಳಗೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಕೈ ಹ್ಯಾಂಡಲಿನ ಕೆಳಗಿನ ಬಾಗಿನಲ್ಲಿರಲಿ, ಹೊರಗಡೆಯ ಕಾಲು ಕೆಳಗಿರಲಿ. ಕಣ್ಣು ಚಕ್ರದ ಮುಂದಲ್ಲ, ತಿರುವು ಮುಗಿಯುವ ಕಡೆ. ನಾಲ್ಕು ತಿರುವಿಗೊಮ್ಮೆ ಅಗಲ ಜಾಗ ನೋಡಿ ನಿಲ್ಲಿ, ಬ್ರೇಕ್ ಆರಲಿ. ಎದುರು ಹತ್ತುತ್ತಿರುವ ವಾಹನಕ್ಕೆ ದಾರಿ ಬಿಡಬೇಕಾದ್ದು ಇಳಿಯುವವರೇ. ಕಾನೂನೂ ಹಾಗೇ ಇದೆ.

ಇದೆಲ್ಲ ನಾನು ಬಿದ್ದು ಕಲಿತದ್ದು. ಸೈಕಲ್ ಕೊಂಡ ಎರಡನೇ ವರ್ಷ, ಅಕ್ಟೋಬರಿನ ಒಂದು ಬೆಳಿಗ್ಗೆ, ಮೇಲಿನಿಂದ ಆರನೇ ತಿರುವು. ಬಿಸಿಲು ಬಂದಿತ್ತು, ರಸ್ತೆ ಒಣಗಿದ ಹಾಗೆ ಕಾಣುತ್ತಿತ್ತು. ಎಡ ಅಂಚಿನ ಮರದ ನೆರಳಲ್ಲಿ ಅಂಗೈ ಅಗಲದ ಪಾಚಿ ಉಳಿದಿತ್ತು. ತಿರುವಿನ ನಡುವೆ ಬ್ರೇಕ್ ಹಿಡಿದೆ. ಎಡ ಮೊಣಕೈಯಿಂದ ಸೊಂಟದವರೆಗೆ ಸುಲಿದುಹೋಯಿತು. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ಇಳಿದು, ತಮ್ಮ ಟವೆಲ್ಲನ್ನೇ ಹರಿದು ಕಟ್ಟಿ, ಸೈಕಲ್ಲನ್ನೂ ನನ್ನನ್ನೂ ಸೋಮೇಶ್ವರಕ್ಕೆ ಮುಟ್ಟಿಸಿದರು. ಬಿದ್ದ ಜಾಗದಿಂದ ಕಮರಿಯ ಅಂಚಿಗೆ ಎರಡು ಮಾರು ದೂರ ಇರಲಿಲ್ಲ. ಇಂದಿಗೂ ಆ ತಿರುವಿನಲ್ಲಿ ನಡಿಗೆಯ ವೇಗಕ್ಕೆ ಬರುತ್ತೇನೆ.

ಮೊದಲ ಸಲ ನೀವು ಹತ್ತಿ ಆಗುಂಬೆಯಲ್ಲಿ ನಿಲ್ಲಿಸಿ. ಬಸ್ಸಿನಲ್ಲಿ ಕೆಳಗೆ ಬನ್ನಿ. ಬರುವಾಗ ಕಿಟಕಿ ಪಕ್ಕ ಕೂತು ಒಂದೊಂದು ತಿರುವನ್ನೂ ನೋಡಿಕೊಳ್ಳಿ. ಎರಡನೇ ಸಲ ಇಳಿಯಿರಿ. ಇನ್ನೊಂದು ಮಾತು. ತಿರುವುಗಳಲ್ಲಿ ಕೂತಿರುವ ಮಂಗಗಳಿಗೆ ಏನೂ ಕೊಡಬೇಡಿ. ತಿನ್ನಲು ಸಿಗುತ್ತದೆ ಎಂದೇ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ.

ನಾವು ಇಬ್ಬರು ಗೆಳತಿಯರು, ಇಬ್ಬರ ಬಳಿಯೂ ಗೇರ್ ಸೈಕಲ್ ಇದೆ. ಎರಡು ದಿನ ರಜೆ. ವಾಹನ ಕಡಿಮೆ ಇರುವ, ಕಾಡಿನ ರಸ್ತೆ ಒಂದು ಹೇಳಿ ಮೇಡಂ.
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ನನಗೆ ಬಹಳ ಇಷ್ಟವಾದ ದಾರಿಯನ್ನೇ ಕೊಡುತ್ತೇನೆ. ಎರಡು ದಿನದಲ್ಲಿ ಮೂರು ನದಿಯ ಸೀಮೆ ದಾಟುತ್ತೀರಿ.

ಮೊದಲ ದಿನ ಶೃಂಗೇರಿಯಿಂದ ಬೆಳಿಗ್ಗೆ ಆರೂವರೆಗೆ ಹೊರಡಿ. ನೆಮ್ಮಾರು ದಾಟಿದರೆ ತುಂಗೆ ಪಕ್ಕದಲ್ಲೇ ಬರುತ್ತಾಳೆ. ನೀರಿನ ಸದ್ದು, ಚೈನಿನ ಸದ್ದು, ಅಷ್ಟೇ. ಕೆರೆಕಟ್ಟೆಯ ಮೇಲೆ ಮರಗಳು ರಸ್ತೆಯನ್ನು ಮುಚ್ಚಿಕೊಂಡಿವೆ, ಬೆಳಗಿನ ಎಂಟು ಗಂಟೆಗೂ ದೀಪ ಬೇಕು. ಹಿಂದೆ ಕೆಂಪು ದೀಪ ಮಿನುಗುತ್ತಿರಲಿ. ಅಲ್ಲಿಂದ ಹತ್ತುತ್ತಾ ಹೋದರೆ ಎಸ್.ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಎಂದು ಆ ಹೆಸರು. ಬಲಕ್ಕೆ ಕಾರ್ಕಳದ ದಾರಿ ಇಳಿಯುತ್ತದೆ, ನೀವು ಎಡಕ್ಕೆ ಕುದುರೆಮುಖದ ಕಡೆ ತಿರುಗಿ. ಇದು ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಒಳಹೋದ ಸಮಯ ಬರೆಯುತ್ತಾರೆ, ನಡುವೆ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ. ಸೈಕಲ್ಲಿಗೆ ಕಾರಿಗಿಂತ ಜಾಸ್ತಿ ಹೊತ್ತು ಬೇಕು ಎಂದು ಅಲ್ಲೇ ಹೇಳಿ, ಆ ದಿನದ ನಿಯಮ ಕೇಳಿಕೊಂಡು ಹೋಗಿ. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಪೆಡಲ್ ತುಳಿಯುತ್ತಲೇ ಮುಖಕ್ಕೆ ಹನಿ ತಾಗುತ್ತದೆ.

ಆಮೇಲೆ ಕಾಡು ಬಿಟ್ಟುಕೊಂಡು ಹುಲ್ಲಿನ ಗುಡ್ಡಗಳು. ಮಡಿಕೆ ಮಡಿಕೆಯಲ್ಲಿ ಮಾತ್ರ ಶೋಲಾ ಮರಗಳ ಗುಂಪು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಗುಡ್ಡಗಳ ಸಾಲಿನಲ್ಲೇ ಇದೆ. ಇಲ್ಲಿಯ ಕಬ್ಬಿಣದ ಅದಿರನ್ನು ನೀರಿನೊಂದಿಗೆ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕುದುರೆಮುಖ ಪಟ್ಟಣದಲ್ಲಿ ಸಾಲುಸಾಲು ಖಾಲಿ ಮನೆಗಳು ಕಾಣುತ್ತವೆ. ಅಲ್ಲಿ ನನ್ನ ಜೊತೆ ಓದಿದವಳ ತಂದೆ ಕೆಲಸ ಮಾಡುತ್ತಿದ್ದರು, ಹಾಗಾಗಿ ಆ ಬೀದಿ ದಾಟುವಾಗ ಮನಸ್ಸು ಭಾರವಾಗುತ್ತದೆ. ಆದರೆ ಗಣಿ ನಿಂತದ್ದು ಸರಿ ಎಂದೇ ನನ್ನ ನಂಬಿಕೆ. ಈ ರಸ್ತೆ ಇಷ್ಟು ಮೌನವಾಗಿರುವುದು ಅದರಿಂದಲೇ.

ಪಟ್ಟಣದಿಂದ ಸಂಸೆಯ ಚಹಾ ತೋಟದ ಕಡೆಯಿಂದ ಕಳಸಕ್ಕೆ ಹೋಗಿ. ಬೆಳಿಗ್ಗೆ ತುಂಗೆ, ಸಂಜೆ ಭದ್ರೆ. ಕಾಲಲ್ಲಿ ಬಲ ಉಳಿದಿದ್ದರೆ 8 ಕಿಲೋಮೀಟರ್ ಮುಂದೆ ಹೊರನಾಡು, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ. ಆ ದಿನ ತಿನ್ನುವ ಅನ್ನದ ರುಚಿಯೇ ಬೇರೆ.

ಮರುದಿನ ಬಾಳೆಹೊಳೆಯ ಮೇಲೆ ಕೊಟ್ಟಿಗೆಹಾರ. ಕಾಫಿ ತೋಟ, ಏರು, ಇಳಿತ, ಮತ್ತೆ ಏರು. ದೊಡ್ಡ ಘಾಟಿಯಲ್ಲ, ಆದರೆ ಮೈ ಹಣ್ಣಾಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ. ಕೆಳಗೆ ಚಾರ್ಮಾಡಿ ಘಾಟಿ, ಅದರಾಚೆ ನೇತ್ರಾವತಿಯ ಸೀಮೆ. ಮೇಲಿನ ಉತ್ತರ ಓದಿ ಇಳಿಯುವ ಅಭ್ಯಾಸ ಮಾಡಿಕೊಂಡಿದ್ದರೆ ಬೆಳಿಗ್ಗೆಯೇ ಇಳಿಯಿರಿ. ಭಾನುವಾರ ಮಧ್ಯಾಹ್ನ ಬೇಡ. ಕಾರುಗಳು ತಿರುವಿನಲ್ಲೇ ನಿಂತು ಫೋಟೊ ತೆಗೆಯುತ್ತಿರುತ್ತವೆ.

ಎರಡು ಟ್ಯೂಬ್, ಪಂಪ್, ಚೈನ್ ಜೋಡಿಸುವ ಲಿಂಕ್, ತಲಾ ಎರಡು ಬಾಟಲಿ ನೀರು, ಬಾಳೆಹಣ್ಣು, ಬೆಲ್ಲ. ಕೆರೆಕಟ್ಟೆ ಬಿಟ್ಟರೆ ಕುದುರೆಮುಖದವರೆಗೆ ಅಂಗಡಿ ನಂಬಿಕೊಳ್ಳಬೇಡಿ.

ಮಳೆಗಾಲದಲ್ಲಿ ಮಲೆನಾಡು ಚೆಂದ ಅಲ್ವಾ? ಜುಲೈನಲ್ಲಿ ಬರಬಹುದಾ?
— ಓದುಗರು, ಹುಬ್ಬಳ್ಳಿ

ಚೆಂದವೇ, ಆದರೆ ಸೈಕಲ್ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ರಸ್ತೆಯೇ ಕುಸಿದಿತ್ತು. ಮಂಜಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದಿಲ್ಲ. ನವೆಂಬರಿಗೆ ಬನ್ನಿ.

ಮಗ ಒಬ್ಬನೇ ಈ ಕಾಡಿನ ರಸ್ತೆಗಳಲ್ಲಿ ಸೈಕಲ್ ಹೊಡೆಯುತ್ತಾನೆ. ಮಂಗನ ಕಾಯಿಲೆ, ಪ್ರಾಣಿ ಎಲ್ಲ ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ, ಸಾಗರ

ಅಕ್ಕ, ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಜಾಸ್ತಿ. ಡಾಂಬರಿನ ಮೇಲೆ ಹೋಗುವವನಿಗೆ ಅಪಾಯ ಕಡಿಮೆ, ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಉಣುಗು ಹತ್ತುತ್ತದೆ. ದಣಿವಾದರೆ ಮೋರಿಕಟ್ಟೆಯ ಮೇಲೆ ಕೂರಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಲಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಾಡಿನಿಂದ ಬಂದ ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಮನೆಮದ್ದು ಬೇಡ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಲಿ.

ಕಾಟಿ, ಅಂದರೆ ಕಾಡುಕೋಣ, ರಸ್ತೆಗೆ ಬಂದರೆ ಬೆಲ್ ಹೊಡೆಯದೆ, ದೂರದಲ್ಲೇ ನಿಂತು ಅದು ದಾಟುವವರೆಗೆ ಕಾಯಲಿ. ನಾನು ಒಮ್ಮೆ ಇಪ್ಪತ್ತು ನಿಮಿಷ ನಿಂತಿದ್ದೇನೆ. ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ಅವನು ಕಾಡಿನಿಂದ ಹೊರಗಿರಬೇಕು. ಇದರಲ್ಲಿ ರಿಯಾಯಿತಿ ಕೊಡಬೇಡಿ.

ಈ ದಾರಿಗಳಲ್ಲಿ ಬಹಳ ಕಡೆ ಫೋನ್ ಸಿಗುವುದಿಲ್ಲ. ನಾನೂ ನನ್ನ ಅಮ್ಮನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಕಾಡು ಹೊಗುವ ಮೊದಲು ಒಂದು ಫೋನ್, ಹೊರಬಂದ ಮೇಲೆ ಇನ್ನೊಂದು. ಎಷ್ಟು ಹೊತ್ತಿಗೆ ಎರಡನೆಯದು ಬರಬೇಕು ಎನ್ನುವುದು ಮೊದಲನೆಯದರಲ್ಲೇ ತೀರ್ಮಾನವಾಗುತ್ತದೆ. ಅಮ್ಮನಿಗೆ ಈಗ 79. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಹೊತ್ತು ಬರೆದಿಟ್ಟುಕೊಂಡು, ಫೋನ್ ಬಂದ ಮೇಲೆ ಗೀಟು ಹಾಕುತ್ತಾರೆ.