ಸ್ಪಾರ್ಕ್‌ನಲ್ಲಿ ರೋ (ಟೇಬಲ್ ಸಾಲು)ಗಳನ್ನ ಕೇಸ್ ಕ್ಲಾಸ್ ಆಬ್ಜೆಕ್ಟ್ ಮಾಡೋಕೆ ಒಂದೊಂದೇ ಕಾಲಂ ಎತ್ತಿ ಬರೀಲೇಬೇಕಾ?

ಬೇಡ. (ಸ್ಪಾರ್ಕ್ ಅಂದ್ರೆ ದೊಡ್ಡ ಡೇಟಾ ಮೇಲೆ ಕೆಲಸ ಮಾಡೋ ಸಾಫ್ಟ್‌ವೇರ್, ಕೇಸ್ ಕ್ಲಾಸ್ ಅಂದ್ರೆ ಸ್ಕಾಲಾ ಭಾಷೆಯಲ್ಲಿ ಫೀಲ್ಡ್‌ಗಳ ಹೆಸರು, ಟೈಪ್ ಹೇಳಿ ಬರೆಯೋ ಡೇಟಾ ಕ್ಲಾಸ್.) ನೀವು ಈಗ ಮಾಡ್ತಿರೋದನ್ನೇ ನಾನೂ ಸುಮಾರು ದಿನ ಮಾಡಿದೀನಿ, ಪ್ರತಿ ಸಾಲಿಗೂ ಓಡೋ ಮ್ಯಾಪ್ ಒಳಗೆ ಇಪ್ಪತ್ತು ಕಾಲಂಗೆ ಇಪ್ಪತ್ತು ಸಲ, ಹೆಸರು ಕೊಟ್ಟು ಬೆಲೆ ಎತ್ತೋ ಗೆಟ್‌ಆ್ಯಸ್ ಬರೆಯೋದು, ಒಂದು ಸ್ಪೆಲ್ಲಿಂಗ್ ತಪ್ಪಿದ್ರೆ ಜಾಬ್ ಅರ್ಧಕ್ಕೆ ಬಿದ್ದಾಗ ತಲೆ ಚಚ್ಕೊಳ್ಳೋದು. ಕೇಸ್ ಕ್ಲಾಸಿನ ಫೀಲ್ಡ್ ಹೆಸರು, ಕಾಲಂ ಹೆಸರು ಎರಡೂ ಒಂದೇ ಇಟ್ಕೊಂಡು, ಸ್ಪಾರ್ಕ್ ಇಂಪ್ಲಿಸಿಟ್ಸ್ (spark.implicits._) ಇಂಪೋರ್ಟ್ ಮಾಡಿ, ಡೇಟಾಫ್ರೇಮ್ (ಸ್ಪಾರ್ಕಿನ ಟೇಬಲ್) ಹೆಸರಾದ್ಮೇಲೆ ಡಾಟ್ ಆ್ಯಸ್ (.as) ಹಾಕಿ ಚೌಕ ಬ್ರಾಕೆಟ್‌ನಲ್ಲಿ ಕ್ಲಾಸ್ ಹೆಸರು ಕೊಡಿ, ಅಷ್ಟೇ. 2016ರಲ್ಲಿ ಸ್ಪಾರ್ಕ್ 2.0 ಬಂದಾಗಿನಿಂದ ಸ್ಕಾಲಾದಲ್ಲಿ ಡೇಟಾಫ್ರೇಮ್ ಅಂದ್ರೇನೇ ರೋ ಟೈಪಿನ ಡೇಟಾಸೆಟ್. ಕಾಲಂ ಹಿಂದೆಮುಂದೆ ಇದ್ರೂ ಪರವಾಗಿಲ್ಲ, ಹೆಸರು ನೋಡಿ ಜೋಡಿಸ್ಕೊಳುತ್ತೆ, ಹೆಸರು ಬೇರೆ ಇದ್ರೆ ಮೊದಲೇ ರಿನೇಮ್ ಮಾಡ್ಕೊಳ್ಳಿ.

ನಿಮಗೆ ಬರ್ತಿರೋ 'ಅನೇಬಲ್ ಟು ಫೈಂಡ್ ಎನ್‌ಕೋಡರ್' ಎರರ್ (ಆಬ್ಜೆಕ್ಟನ್ನ ಸ್ಪಾರ್ಕಿನ ಒಳರೂಪಕ್ಕೆ ಬದಲಿಸೋ ಎನ್ಕೋಡರ್ ಸಿಗ್ತಿಲ್ಲ ಅಂತ), ಇಂಪೋರ್ಟ್ ಇದ್ದೂ ಬರ್ತಿದೆ ಅಂತೀರಲ್ಲ, ಹಂಗಾದ್ರೆ ಬಹುಶಃ ಕೇಸ್ ಕ್ಲಾಸನ್ನ ಮೇನ್ ಮೆಥಡ್ ಒಳಗೇ ಬರ್ದಿದೀರಿ. ಹೊರಗೆ ತಂದು ಇಡಿ, ಹೋಗುತ್ತೆ.

ಗೆಟ್‌ಆ್ಯಸ್ ಬಗ್ಗೆ ನನಗೆ ಸಿಟ್ಟಿರೋದು ಟೈಪಿಂಗ್ ಜಾಸ್ತಿ ಅಂತಲ್ಲ. ಕಾಲಂನಲ್ಲಿ ನಲ್ (ಬೆಲೆಯೇ ಇಲ್ಲ ಅನ್ನೋ ಗುರುತು) ಇದ್ದು ನೀವು ಲಾಂಗ್ (ದೊಡ್ಡ ಪೂರ್ಣಾಂಕದ ಟೈಪ್) ಅಂತ ಕೇಳಿದ್ರೆ ಅದು ಎರರ್ ಕೊಡಲ್ಲ, ಸುಮ್ನೆ 0 ಕೊಟ್ಬಿಡುತ್ತೆ. ಡಾಕ್ಯುಮೆಂಟೇಶನ್‌ನಲ್ಲೂ ಹಂಗಂತ ಬರ್ದಿದಾರೆ, ಓದೋರ್ಯಾರು! ನಾನು ಹಿಂದೆ ನೀರಿನ ಮೀಟರ್ ರೀಡಿಂಗ್ ಡೇಟಾ ಮೇಲೆ ಕೆಲಸ ಮಾಡ್ತಿದ್ದೆ, ಮನೆಗೆ ಬೀಗ ಹಾಕಿದ್ರೆ ಆ ತಿಂಗಳ ರೀಡಿಂಗ್ ನಲ್ ಬರ್ತಿತ್ತು, ನನ್ನ ಕೋಡ್ ಅದನ್ನ 0 ಮಾಡಿ ಹೋದ ತಿಂಗಳ ರೀಡಿಂಗ್ ಕಳೀತು, ಒಂದಿಡೀ ಬೀದಿಯ ಬಳಕೆ ಮೈನಸ್ಸಲ್ಲಿ! ಜಾಬ್ ಮಾತ್ರ ಸಕ್ಸಸ್ ಅಂತ ಹಸಿರು ತೋರಿಸ್ತಿತ್ತು.

ಆ್ಯಸ್ ಹಾಕಿ ಟೈಪ್ ಮಾಡಿದ್ರೆ ಹಿಂಗೆ ಮೋಸ ಆಗಲ್ಲ. ಫೀಲ್ಡ್ ಬರೀ ಲಾಂಗ್ ಇದ್ದು ನಲ್ ಬಂದ್ರೆ, ನಾನ್-ನಲಬಲ್ ಫೀಲ್ಡಲ್ಲಿ ನಲ್ ಬಂತು ಅಂತ ಕೂಗಿ ನಿಲ್ಲುತ್ತೆ. ಅದಕ್ಕೆ ನಲ್ ಬರಬಹುದಾದ ಫೀಲ್ಡಿಗೆಲ್ಲ ಆಪ್ಶನ್ ಆಫ್ ಲಾಂಗ್ (Option[Long]) ಕೊಡಿ, ನಲ್ ಇದ್ರೆ None, ಅಂದ್ರೆ 'ಏನೂ ಇಲ್ಲ' ಅಂತ ಬರುತ್ತೆ. ಆದ್ರೆ ಬರೀ ಶೋ ಹಾಕಿ ಟೇಬಲ್ ಬಂತು, ಸರಿಯಾಯ್ತು ಅಂದ್ಕೋಬೇಡಿ, ಶೋ ಮಾಡುವಾಗ ಆಬ್ಜೆಕ್ಟ್ ತಯಾರೇ ಆಗಿರಲ್ಲ. ಮ್ಯಾಪ್ ಅಥವಾ ಕಲೆಕ್ಟ್ ಮಾಡಿದಾಗ್ಲೇ ಬಣ್ಣ ಬಯಲಾಗೋದು. ಕ್ಲಾಸಲ್ಲಿಲ್ಲದ ಕಾಲಂಗಳೂ ಅಲ್ಲೀವರೆಗೆ ಅಲ್ಲೇ ಇರ್ತವೆ, ಬೇಡ ಅಂದ್ರೆ ನೀವೇ ಸೆಲೆಕ್ಟ್ ಮಾಡಿ ಬಿಡಬೇಕು.

ಇನ್ನೊಂದು, ನಿಮ್ದು ಜೇಸನ್ ಫೈಲ್ ಅಂದ್ರಿ. ಸ್ಕೀಮಾ (ಕಾಲಂಗಳ ಹೆಸರು, ಟೈಪಿನ ಪಟ್ಟಿ) ಕೊಡದೆ ಓದಿದ್ರೆ ಪೂರ್ಣಾಂಕಗಳು ಬಿಗ್‌ಇಂಟ್ (ಲಾಂಗ್‌ಗೇ ಇನ್ನೊಂದು ಹೆಸರು) ಆಗಿ ಬರ್ತವೆ, ಕ್ಲಾಸಲ್ಲಿ ಅದಕ್ಕಿಂತ ಚಿಕ್ಕ ಟೈಪ್ ಇಂಟ್ ಬರ್ದಿದ್ರೆ 'ಮೇ ಟ್ರಂಕೇಟ್' ಅಂತ ತಗಾದೆ ತೆಗೆಯುತ್ತೆ. ಲಾಂಗ್ ಮಾಡಿ, ಇಲ್ಲಾಂದ್ರೆ ಮೊದಲೇ ಕಾಸ್ಟ್ ಮಾಡ್ಕೊಳ್ಳಿ (ಟೈಪ್ ಬದಲಿಸ್ಕೊಳ್ಳಿ).

ಟೈಪ್ ಸಿಕ್ತು ಅಂತ ಫಿಲ್ಟರ್‌ನೆಲ್ಲ ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೀಬೇಡಿ, ಅದರೊಳಗೆ ಏನಿದೆ ಅಂತ ಸ್ಪಾರ್ಕ್‌ಗೆ ಕಾಣಲ್ಲ, ಮುಂದೆ ಕಾಲಂ ಪ್ರಕಾರ ಡೇಟಾ ಇಡೋ ಪಾರ್ಕೆ (Parquet) ಫೈಲ್‌ಗೆ ಬಂದಾಗ ಬೇಡದ್ದನ್ನೂ ಓದ್ಕೊಂಡು ಕೂರುತ್ತೆ. ಫಿಲ್ಟರ್ ಕಾಲಂ ಮೇಲೆ ಮೊದಲೇ ಮುಗಿಸಿ, ಆಮೇಲೆ ಆ್ಯಸ್. ಇಷ್ಟಾದ್ಮೇಲೂ ಆಗ್ಲಿಲ್ಲ ಅಂದ್ರೆ ಪ್ರಿಂಟ್‌ಸ್ಕೀಮಾ ಹಾಕಿ ಬಂದಿದ್ದನ್ನ ಹಂಗೇ ಇಲ್ಲಿ ಪೇಸ್ಟ್ ಮಾಡಿ, ನೋಡೋಣ.