ಹರಳೆಣ್ಣೆಯ ಹುರಿ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಏನು ಕೆಲಸ ಅಂತ ಕೇಳಿದರೆ, ‘ಚಿಕ್ಕ ಕೈರಲ್ ಅಣುಗಳು ತಾವೇ ಸೇರಿಕೊಂಡು ನ್ಯಾನೋ ಎಳೆ ಆಗುತ್ತವೆ ಅಮ್ಮಾ, ಅದನ್ನ ನೋಡ್ತೀನಿ’ ಅನ್ನುತ್ತಾಳೆ. ಕೈರಲ್ ಅಂದರೇನು? ತಾವೇ ಅಂದರೆ ಹೇಗೆ, ಸೇರಿಸುವವರು ಯಾರೂ ಇಲ್ವಾ?
– ದಾವಣಗೆರೆಯ ಓದುಗರು

ಉತ್ತರ: ಯಾರೂ ಇಲ್ಲ ತಾಯಿ. ಮೂವತ್ತು ವರ್ಷ ನಾನು ನೋಡಿದ್ದೂ ಅದನ್ನೇ. ನಿಮ್ಮ ಮಗಳು ಗಾಜಿನ ಸೀಸೆಯಲ್ಲಿ ನೋಡುತ್ತಾಳೆ, ನಾನು ಗ್ರೀಸ್ ಡಬ್ಬಿಯಲ್ಲಿ ನೋಡಿದೆ, ಅಷ್ಟೇ ವ್ಯತ್ಯಾಸ. ಪೀಣ್ಯದ ಒಂದು ಗ್ರೀಸ್ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ.

ಮೊದಲು ಕೈರಲ್. ಗ್ರೀಕ್ ಭಾಷೆಯಲ್ಲಿ ಕೈಗೆ ಇರುವ ಪದದಿಂದ ಬಂದದ್ದು. ನಮ್ಮ ಕನ್ನಡದ ‘ಕೈ’ಯೇ ಅದರಲ್ಲಿ ಕೇಳಿಸುತ್ತದೆ, ಆದರೆ ಅದು ಬರೀ ಕಾಕತಾಳೀಯ. ಎಡಗೈ ಬಲಗೈ ಒಂದೇ ಥರ ಕಂಡರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ದೇವಸ್ಥಾನದ ಮುಂದೆ ಚಪ್ಪಲಿ ಅದಲುಬದಲಾದಾಗ ಕಾಲಿಗೆ ತಕ್ಷಣ ಗೊತ್ತಾಗುತ್ತದಲ್ವಾ, ಅದೇ. ಕೆಲವು ಅಣುಗಳಲ್ಲೂ ಹೀಗೆ ಎಡ ಬಲ ಇದೆ. 1848ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಭೂತಗನ್ನಡಿ, ಚಿಮಟ ಹಿಡಿದು ಎಡದ್ದು ಬಲದ್ದು ಅಂತ ಆರಿಸಿ ಬೇರೆ ಮಾಡಿದ. ಆಗ ಅವನಿಗೆ 25 ವರ್ಷ. ಅದೃಷ್ಟವೂ ಇತ್ತು ಅನ್ನಿ. ಆ ಲವಣ ಹೀಗೆ ಎಡ ಬಲ ಬೇರೆಬೇರೆಯಾಗಿ ಹರಳುಗಟ್ಟುವುದು ಸುಮಾರು 27 ಡಿಗ್ರಿಗಿಂತ ತಂಪಿದ್ದರೆ ಮಾತ್ರ. ನಮ್ಮ ರಾಯಚೂರಿನ ಏಪ್ರಿಲ್‌ನಲ್ಲಿ ಕೂತಿದ್ದರೆ ಪಾಪ, ಏನೂ ಸಿಗುತ್ತಿರಲಿಲ್ಲ.

ಈಗ ಹರಳೆಣ್ಣೆಗೆ ಬರೋಣ. ಮಕ್ಕಳ ನೆತ್ತಿಗೆ ಒತ್ತುವ ಅದೇ ಎಣ್ಣೆ. ಅದರ ಸುಮಾರು ನೂರಕ್ಕೆ ತೊಂಬತ್ತು ಭಾಗ ರಿಸಿನೋಲೆಯಿಕ್ ಆಮ್ಲದಿಂದ ಆದದ್ದು. ಹದಿನೆಂಟು ಕಾರ್ಬನ್‌ಗಳ ಉದ್ದ ಬಾಲ, ಹನ್ನೆರಡನೆಯ ಕಾರ್ಬನ್ನಿಗೆ ಒಂದು ಆಕ್ಸಿಜನ್–ಹೈಡ್ರೋಜನ್ ಕೊಕ್ಕೆ. ಗಿಡ ಈ ಕೊಕ್ಕೆಯನ್ನು ಯಾವಾಗಲೂ ಒಂದೇ ಕಡೆಗೆ ಸಿಕ್ಕಿಸುತ್ತದೆ, ಹಾಗಾಗಿ ಅಣುಗಳೆಲ್ಲ ಒಂದೇ ಕೈಯವು. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದರೂ ಕೊಕ್ಕೆ ಅಲುಗುವುದಿಲ್ಲ. ಆ ಗಟ್ಟಿ ಎಣ್ಣೆಯನ್ನು ಒಡೆದರೆ ಬಿಳಿ ಮೇಣದಂಥ ಚಕ್ಕೆ ಬರುತ್ತದೆ, ಹೆಸರು 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ. ಇದಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಒಂದು ಥರದ ಸೋಪು. ಆ ಸೋಪನ್ನು ಖನಿಜ ತೈಲದಲ್ಲಿ 200 ಡಿಗ್ರಿಯ ಹತ್ತಿರ ಕಾಯಿಸಿ ಆರಿಸಿದರೆ ಗ್ರೀಸ್. ನಿಮ್ಮ ಸ್ಕೂಟರಿನ ಬೇರಿಂಗಿನಲ್ಲಿರುವುದು ಹೆಚ್ಚಾಗಿ ಇದೇ.

ನೂರು ಕೆಜಿ ಗ್ರೀಸಿನಲ್ಲಿ ಸೋಪು ಹತ್ತು ಕೆಜಿ ಆಸುಪಾಸು. ಉಳಿದದ್ದೆಲ್ಲ ಎಣ್ಣೆ. ಆದರೂ ಡಬ್ಬಿ ಮಗುಚಿದರೆ ಸುರಿಯುವುದಿಲ್ಲ. ಯಾಕೆ? ಆರುವಾಗ ಒಂದು ಅಣುವಿನ ಕೊಕ್ಕೆ ಪಕ್ಕದ್ದರ ಕೊಕ್ಕೆಯನ್ನು ಹಿಡಿಯುತ್ತದೆ. ಅದು ಮುಂದಿನದನ್ನು. ಸುಮಾರು ಎರಡೂವರೆ ನ್ಯಾನೋಮೀಟರ್ (ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್) ಉದ್ದದ ಅಣುಗಳು ಸಾಲುಗಟ್ಟಿ, ತಮಗಿಂತ ಸಾವಿರಾರು ಪಟ್ಟು ಉದ್ದದ ಎಳೆಗಳಾಗುತ್ತವೆ. ಎಳೆಗಳು ಹೆಣೆದುಕೊಂಡ ಬಲೆಯೊಳಗೆ ಎಣ್ಣೆ ಸಿಕ್ಕಿಬೀಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಮೊದಲ ಸಲ ನೋಡಿದಾಗ ನನಗೆ ಅಜ್ಜಿ ನೆನಪಾದರು. ಒಂದೊಂದು ಎಳೆಯೂ ಹೊಸೆದ ಬತ್ತಿಯ ಹಾಗೆ ಹುರಿಗೊಂಡಿತ್ತು. ಎಲ್ಲದರ ಹುರಿಯೂ ಒಂದೇ ಕಡೆಗೆ.

ಹುರಿ ಯಾಕೆ ಬರುತ್ತದೆ? ಚಪ್ಪಲಿ ಅಂಗಡಿಗೇ ಹೋಗೋಣ. ಎಡ ಬಲ ಜೋಡಿಯನ್ನು ತಲೆಕೆಳಗು ಮಾಡಿ ಇಟ್ಟರೆ ಡಬ್ಬಿಯಲ್ಲಿ ಚಪ್ಪಟೆಯಾಗಿ ಕೂರುತ್ತವೆ. ಬರೀ ಎಡಗಾಲಿನವನ್ನೇ ಒತ್ತಾಗಿ ಜೋಡಿಸುತ್ತಾ ಹೋಗಿ, ಸಾಲು ಒಂದು ಕಡೆಗೆ ತಿರುಗುತ್ತದೆ. ಅಣುಗಳದ್ದೂ ಹಾಗೇ. ಎಡ ಬಲ ಸಮವಾಗಿ ಬೆರೆತ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲದಲ್ಲಿ ಹುರಿಯ ಎಳೆಗಳ ಬದಲು ಚಪ್ಪಟೆ ಬಿಲ್ಲೆಗಳಾಗುತ್ತವೆ. ಬಿಲ್ಲೆಗಳು ಬಲೆ ಹೆಣೆಯಲಾರವು, ಎಣ್ಣೆ ಸರಿಯಾಗಿ ನಿಲ್ಲುವುದಿಲ್ಲ.

ಇನ್ನೊಂದು ಮಾತು ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎಳೆ ಅಷ್ಟು ಸಪೂರವಾಗಿ ಉಳಿಯುವುದು ಯಾಕೆ, ಉದ್ದ ಬೆಳೆದ ಹಾಗೆ ಅಗಲವೂ ಬೆಳೆಯಬಹುದಲ್ಲ? ಒದ್ದೆ ಟವೆಲ್ ಹಿಂಡಿ ನೋಡಿ. ನಡುವೆ ಆರಾಮ, ಅಂಚು ಬಿಗಿಯುತ್ತದೆ. ಅಂಚು ಸುತ್ತಿ ಬರಬೇಕಲ್ಲ, ಅದಕ್ಕೆ ದಾರಿ ಉದ್ದ. ಎಳೆ ಅಗಲವಾದಷ್ಟೂ ಅಂಚಿನ ಅಣುಗಳಿಗೆ ಎಳೆತ ಜಾಸ್ತಿ. ಒಂದು ಹಂತ ದಾಟಿದ ಮೇಲೆ ಹೊಸ ಅಣುವಿಗೆ ಅಲ್ಲಿ ಕೂರುವುದರಿಂದ ಲಾಭವಿಲ್ಲ. ಅದು ತುದಿಗೆ ಹೋಗಿ ಸೇರುತ್ತದೆ. ಹಾಗಾಗಿ ಎಳೆಯ ದಪ್ಪಕ್ಕೆ ಕಡಿವಾಣ ಹಾಕುವುದೇ ಆ ಹುರಿ.

ನಮ್ಮ ಅಜ್ಜಿ ಬಲಗೈಯವರು, ಸೋದರತ್ತೆ ಎಡಚಿ. ಇಬ್ಬರು ಹೊಸೆದ ಬತ್ತಿಗಳ ಹುರಿ ಉಲ್ಟಾ. ದೊಡ್ಡ ದೀಪಕ್ಕೆ ಅಂತ ಇಬ್ಬರದ್ದೂ ಒಂದೊಂದು ಸೇರಿಸಿ ಹೊಸೆದರೆ ಒಂದು ಬಿಗಿಯಾಗುತ್ತಿತ್ತು, ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ‘ನಿನ್ನದು ನಿನ್ನ ಡಬ್ಬಿಯಲ್ಲೇ ಇಟ್ಟುಕೋ’ ಅಂತ ಅಜ್ಜಿ ಗದರುತ್ತಿದ್ದರು. ಆ ಹೊತ್ತಿಗೆ ಪಾಶ್ಚರ್ ಹೆಸರನ್ನು ಅವರು ಕೇಳಿರಲಿಲ್ಲ.

ಅಣು ತಾನೇ ಸೇರುತ್ತದೆ ಅಂದ ಮಾತ್ರಕ್ಕೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ತಣಿಸುವ ವೇಗ ಬದಲಾದರೆ ಎಳೆಯ ಉದ್ದ ದಪ್ಪ ಎರಡೂ ಬದಲಾಗುತ್ತವೆ. ಒಂದು ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಗಿ ಕಲಕುವ ಯಂತ್ರ ನಿಂತಿತು. ಬೆಳಿಗ್ಗೆ ಪರೀಕ್ಷೆ ಮಾಡಿದೆ. ಒಂದು ಲೋಹದ ಶಂಕುವನ್ನು ಗ್ರೀಸಿನ ಮೇಲೆ ಬಿಟ್ಟು, ಐದು ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಅಂತ ಮಿಲಿಮೀಟರಿನ ಹತ್ತನೇ ಭಾಗದಲ್ಲಿ ಅಳೆಯುತ್ತೇವೆ. ಎರಡನೇ ನಂಬರ್ ಗ್ರೀಸ್ 265ರಿಂದ 295ರ ಒಳಗೆ ಬರಬೇಕು. ನನಗೆ ಬಂದದ್ದು 350, ಅಂದರೆ ತೀರಾ ಮೆತ್ತಗೆ. ಅದೇ ಅಣು, ಅದೇ ಎಣ್ಣೆ, ಅದೇ ತೂಕ. ಮ್ಯಾನೇಜರ್ ಯಾರನ್ನು ಬೈಯಬೇಕು ಅಂತ ಕೇಳಿದರು. ಪುಣ್ಯಕ್ಕೆ ಎಳೆಗಳನ್ನು ಕಾಯಿಸಿ ಬಿಚ್ಚಬಹುದು. ಮತ್ತೆ ಕಾಯಿಸಿ, ಈ ಸಲ ಕಲಕುತ್ತಾ ಆರಿಸಿದೆವು. 280 ಬಂತು.

ನಿಮ್ಮ ಮಗಳ ಅಣು ಬೇರೆ ಇರಬಹುದು. 2003ರಲ್ಲಿ ಟೆಲ್ ಅವೀವ್‌ನಲ್ಲಿ ಮೈಟಲ್ ರೆಚೆಸ್ ಮತ್ತು ಎಹುದ್ ಗಾಜಿತ್ ಬರೀ ಎರಡು ಅಮೈನೋ ಆಮ್ಲಗಳ (ಪ್ರೋಟೀನು ಕಟ್ಟುವ ಇಟ್ಟಿಗೆಗಳು ಅನ್ನಿ) ತುಣುಕಿನಿಂದ ನ್ಯಾನೋ ಕೊಳವೆ ಮಾಡಿದರು. ಕೊಳವೆಯೊಳಗೆ ಬೆಳ್ಳಿ ತುಂಬಿಸಿ, ಹೊರಗಿನ ಕೊಳವೆಯನ್ನು ಕಿಣ್ವದಿಂದ ಕರಗಿಸಿ, ಸುಮಾರು 20 ನ್ಯಾನೋಮೀಟರ್ ದಪ್ಪದ ಬೆಳ್ಳಿ ತಂತಿ ತೆಗೆದರು. ಆ ತುಣುಕು ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನಿನ ಭಾಗವೇ. ಮಗಳು ಮನೆಗೆ ಬಂದಾಗ ‘ನಿನ್ನದು ಎಡಚನೋ ಬಲಚನೋ, ಎರಡೂ ಬೆರೆಸಿದರೆ ಏನಾಗುತ್ತೆ’ ಅಂತ ಕೇಳಿ. ಊಟ ಆರಿದರೂ ಎದ್ದು ಹೋಗಲ್ಲ ಅವಳು.

ಪ್ರಶ್ನೆ: ಅಣುಗಳ ಈ ಎಡ ಬಲವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಲು ಸುಲಭದ ದಾರಿ ಇದೆಯೇ ಸಾರ್?
– ಕೊಪ್ಪಳದ ಶಿಕ್ಷಕರು

ಉತ್ತರ: ಮೂಗಿನಿಂದ ಶುರು ಮಾಡಿ ಮೇಷ್ಟ್ರೇ. ಪುದೀನ ಎಲೆ ಒಂದು ಕಡೆ, ಸಬ್ಬಸಿಗೆ ಬೀಜ ಇನ್ನೊಂದು ಕಡೆ. ಎರಡರಲ್ಲೂ ಕಾರ್ವೋನ್ ಅನ್ನುವ ಅಣು ಇದೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಆಮೇಲೆ ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು, ಅದರ ಮುಂದೆ ಗಾಜಿನ ಲೋಟದಲ್ಲಿ ಸಕ್ಕರೆ ಪಾಕ ಇಡಿ. ಪೋಲರಾಯ್ಡ್ ಕನ್ನಡಕದ ಗಾಜನ್ನು ತಿರುಗಿಸುತ್ತಾ ನೋಡಿದರೆ ಪಾಕ ಬಣ್ಣ ಬದಲಿಸುತ್ತದೆ, ಸಕ್ಕರೆಯ ಅಣುಗಳೆಲ್ಲ ಒಂದೇ ಕೈಯವಾಗಿ ಬೆಳಕನ್ನು ಒಂದೇ ಕಡೆಗೆ ತಿರುಗಿಸುವುದರಿಂದ. ಪಕ್ಕದಲ್ಲಿ ಬರೀ ನೀರಿನ ಲೋಟವನ್ನೂ ಇಡಿ, ಅದರಲ್ಲಿ ಬಣ್ಣ ಬರುವುದಿಲ್ಲ. ಪಾಕ ಗಟ್ಟಿಯಾಗಿರಲಿ, ಲೋಟ ಅಗಲದ್ದಿರಲಿ. ಇರುವೆ ಬರದ ಹಾಗೆ ನೋಡಿಕೊಳ್ಳಿ.